ಸುರುಳಿ ದೀಪ

ಪ್ಲಗ್ಗಿನ ಮೂತಿ ನೋಡಿಯೇ ಎಂಜಿನ್ನಿನ ಜಾತಕ ಹೇಳುತ್ತಾನೆ ಎಂದು ಮೇಸ್ತ್ರಿಗೆ ಹೆಸರಿತ್ತು. ಪ್ಲೈವುಡ್ ಕಾರ್ಖಾನೆಯ ಹಿಂಬದಿಯ ಶೆಡ್ಡಿನಲ್ಲಿ ಅವನ ಕೆಲಸ. ಊಟದ ಬಿಡುವಿನಲ್ಲಿ ಯಾರಾದರೂ ಮುನಿಸಿಕೊಂಡ ಬೈಕನ್ನು ತಳ್ಳಿಕೊಂಡು ಬಂದರೆ, ಅದರ ಸ್ಪಾರ್ಕ್ ಪ್ಲಗ್ ಬಿಚ್ಚಿ, ಅಂಗೈಯಲ್ಲಿ ಮಲಗಿಸಿ, ಬಾಗಿಲ ಬೆಳಕಿಗೆ ಹಿಡಿಯುತ್ತಿದ್ದ. ತುದಿ ಹದವಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ "ಎದೆ ಗಟ್ಟಿಯಾಗಿದೆ, ಕಾಯಿಲೆ ಬೇರೆಲ್ಲೋ ಇದೆ" ಅನ್ನುತ್ತಿದ್ದ. ಒಣ ಮಸಿ ಕಟ್ಟಿದ್ದರೆ "ಪಾಪದ್ದಕ್ಕೆ ಪೆಟ್ರೋಲ್ ಅತಿಯಾಗಿ ಕುಡಿಸ್ತಿದೀಯಲ್ಲೋ!" ಎಣ್ಣೆ ಜಿನುಗಿದ್ದರೆ ಪಿಸ್ಟನ್ನಿನ ರಿಂಗು ಸವೆದಿದೆ ಎಂದು ಲೊಚಗುಟ್ಟುತ್ತಿದ್ದ. ಬೆಳ್ಳಗೆ ಸುಟ್ಟ ಪ್ಲಗ್ ಕಂಡರೆ ಮಾತ್ರ ತಮಾಷೆ ಬಿಟ್ಟು, "ಇದನ್ನ ಹೀಗೇ ಓಡಿಸಿದ್ರೆ ಪಿಸ್ಟನ್ನಿಗೆ ತೂತು ಬೀಳುತ್ತೆ, ಇವತ್ತು ನಡೆದು ಹೋಗು" ಎಂದು ಕೀಲಿಯನ್ನೇ ಕಿತ್ತಿಟ್ಟುಕೊಳ್ಳುತ್ತಿದ್ದ.

ಡೀಸೆಲ್ ಗಾಡಿಯ ಕತೆ ಬೇರೆ. ಅಲ್ಲಿ ಕಿಡಿ ಹಾರಿಸುವವರು ಯಾರೂ ಇಲ್ಲ. ಅಮುಕಿದ ಗಾಳಿಯ ಬಿಸಿಗೇ ಎಣ್ಣೆ ಹೊತ್ತಿಕೊಳ್ಳಬೇಕು. ಕಬ್ಬಿಣ ಮುಟ್ಟಿದರೆ ಬೆರಳು ಮರಗಟ್ಟುವಂಥ ಮುಂಜಾನೆಗಳಲ್ಲಿ ಆ ಬಿಸಿ ಸಾಲುವುದಿಲ್ಲ. ಅದಕ್ಕೆಂದೇ ಒಂದೊಂದು ಸಿಲಿಂಡರಿಗೆ ಒಂದೊಂದು ಹೀಟರ್ ಪ್ಲಗ್. ಡಬ್ಬಿಯ ಮೇಲೆ ಗ್ಲೋ ಪ್ಲಗ್ ಎಂದು ಅಚ್ಚಾಗಿರುತ್ತದೆ, ಶೆಡ್ಡಿನ ಬಾಯಲ್ಲಿ ಅದು ಬರೀ ಹೀಟರ್. ಪೆನ್ಸಿಲಿನಷ್ಟು ಸಪೂರ. ಕೀಲಿಯನ್ನು ಅರ್ಧ ತಿರುಗಿಸಿದರೆ ತುದಿ ಕೆಂಡದ ಹಾಗೆ ಕಾಯುತ್ತದೆ. ಅಷ್ಟು ಹೊತ್ತೂ ಡ್ರೈವರನ ಕಣ್ಣೆದುರು ಸುರುಳಿಯ ಆಕಾರದ ಹಳದಿ ದೀಪವೊಂದು ಉರಿಯುತ್ತದೆ. ದೀಪ ಆರಿದ ಮೇಲೇ ಸೆಲ್ಫ್ ಹೊಡೆಯಬೇಕು. ಹೀಟರ್ ಸತ್ತಿದ್ದರೆ ಆ ದೀಪ ಆರುವುದಿಲ್ಲ, ಮಿಣುಕುತ್ತಲೇ ಇರುತ್ತದೆ. ನಾನು ಕಾಯಲಿಲ್ಲ, ನನ್ನನ್ನು ನಂಬಬೇಡ ಎಂದು ಅದರ ಅರ್ಥ.

ಕಾರ್ಖಾನೆಯ ಆಸ್ಪತ್ರೆ ವ್ಯಾನಿನಲ್ಲಿ ಆ ಮಿಣುಕನ್ನು ನಿಲ್ಲಿಸಿದವನು ಮೇಸ್ತ್ರಿಯೇ. ಅದು ಅವನಿಗೂ ವಾಹನ ವಿಭಾಗದ ಸಾಹೇಬರಿಗೂ ಬಿಟ್ಟರೆ ಮೂರನೆಯವರಿಗೆ ಗೊತ್ತಿರಲಿಲ್ಲ. ಈಗ ಒಬ್ಬ ಮನುಷ್ಯ ಸತ್ತಿದ್ದ.

ಚಳಿ ಶುರುವಾಗುವ ಮುಂಚೆಯೇ ವ್ಯಾನಿನ ಹೀಟರುಗಳು ಕೈಕೊಟ್ಟಿದ್ದವು. ಮೇಸ್ತ್ರಿ ನಾಲ್ಕು ಹೊಸ ಪ್ಲಗ್ ಬೇಕೆಂದು ಮೂರು ಸಲ ಬೇಡಿಕೆ ಚೀಟಿ ಬರೆದ. ಮೂರು ಸಲವೂ "ಸದ್ಯಕ್ಕೆ ಬೇಡ" ಎಂಬ ಎರಡು ಪದ, ಕೆಳಗೆ ಸಾಹೇಬರ ಸೊಟ್ಟ ಸಹಿ ಹೊತ್ತು ಚೀಟಿ ಮರಳಿತು. ಅಷ್ಟರಲ್ಲಿ ವಾಹನಗಳ ತಪಾಸಣೆಯ ದಿನ ಬಂತು. ಹಿಂದಿನ ಸಂಜೆ ಸಾಹೇಬರು ಶೆಡ್ಡಿಗೇ ಬಂದು ನಿಂತರು.

"ಇರೋದನ್ನೇ ಬಿಚ್ಚಿ, ತೊಳೆದು ಹಾಕಯ್ಯ."

"ಇದು ತೊಳೆಯೋ ಸಾಮಾನಲ್ಲ ಸಾರ್. ಸತ್ತಿದೆ. ಬಿಚ್ಚೋದಾದ್ರೂ ಎಂಜಿನ್ ಬಿಸಿ ಮಾಡಿ, ಎಣ್ಣೆ ಬಿಟ್ಟು, ನಿಧಾನಕ್ಕೆ..."

"ಹೆರಿಗೆ ಮಾಡಿಸ್ತಿದೀಯಾ? ತಿರುಗಿಸು."

ಮೇಸ್ತ್ರಿ ತಿರುಗಿಸಿದ. ಇಪ್ಪತ್ತೆರಡು ವರ್ಷದಲ್ಲಿ ಎಂದೂ ಮಾಡದ ತಪ್ಪು ಅದು; ತಣ್ಣಗಿನ ಎಂಜಿನ್ನಿನಲ್ಲಿ ಹೀಟರಿಗೆ ಪಾನಾ ಹಾಕಬಾರದೆಂದು ಅವನೇ ಎಷ್ಟು ಜನರಿಗೆ ಬೈದು ಬುದ್ಧಿ ಹೇಳಿದ್ದನೋ. ಸಾಹೇಬರು ಫೋನಿನಲ್ಲಿ ಯಾರೊಂದಿಗೋ ನಗುತ್ತ ಬೆನ್ನು ತಿರುಗಿಸಿದ್ದಾಗ, ಪಾನಾದ ತುದಿಯಲ್ಲಿ 'ಟಿಕ್' ಎಂದಿತು. ಬೀಗದ ಸದ್ದಿಗಿಂತ ಮೆಲ್ಲಗೆ. ಮೊದಲ ಪ್ಲಗ್ಗಿನ ಮೇಲರ್ಧ ಅವನ ಕೈಯಲ್ಲಿತ್ತು, ಕೆಳಗಿನರ್ಧ ಎಂಜಿನ್ನಿನ ಹೆಡ್ಡಿನೊಳಗೇ ಕಚ್ಚಿಕೊಂಡಿತ್ತು. ಅದನ್ನು ತೆಗೆಯಬೇಕೆಂದರೆ ಇಡೀ ಹೆಡ್ ಇಳಿಸಬೇಕು. ಪ್ಲಗ್ ಮೇಸ್ತ್ರಿಯೇ ಪ್ಲಗ್ ಮುರಿದ ಎಂದರೆ ಶೆಡ್ಡಿನಿಂದ ಗೇಟಿನವರೆಗೆ ನಗು ಹರಡುತ್ತದೆ. ಅವನು ಮುರಿದ ತುಂಡನ್ನು ಜೇಬಿಗೆ ಇಳಿಬಿಟ್ಟ.

"ಆಗಲ್ಲ ಸಾರ್, ಕಚ್ಕೊಂಡಿದೆ" ಅಂದ.

"ಹಾಗಾದ್ರೆ ದೀಪನಾದ್ರೂ ಸರಿಮಾಡು. ತಪಾಸಣೆಯವರು ದೀಪ ನೋಡ್ತಾರೆ, ಹೊಟ್ಟೆ ಬಗೆದು ನೋಡಲ್ಲ. ಉರೀಬೇಕು, ಆರಬೇಕು. ಅಷ್ಟೇ. ಆ ವ್ಯಾನು ವರ್ಷಕ್ಕೆ ಎಷ್ಟು ಸಲ ಹೊರಡುತ್ತೆ ಹೇಳು?"

ಬೇರೆ ದಿನವಾಗಿದ್ದರೆ ಮೇಸ್ತ್ರಿ ಜಗಳ ತೆಗೆಯುತ್ತಿದ್ದನೋ ಏನೋ. ಅಂದು ಜೇಬಿನಲ್ಲಿದ್ದ ತುಂಡು ತೊಡೆಗೆ ಚುಚ್ಚುತ್ತಿತ್ತು. ಹಳೆ ಲಾರಿಯೊಂದರ ಟೈಮರನ್ನು ಕಿತ್ತು, ದೀಪದ ತಂತಿಗೆ ಬೆಸೆದ. ಇನ್ನು ಮುಂದೆ ಹೀಟರ್ ಕಾಯಲಿ ಬಿಡಲಿ, ಕೀಲಿ ತಿರುಗಿಸಿದರೆ ದೀಪ ಎಂಟು ಸೆಕೆಂಡು ಉರಿದು ಆರುತ್ತಿತ್ತು. ತಪಾಸಣೆಯವರು ನೋಡಿದರು, ತಲೆಯಾಡಿಸಿದರು, ಗಾಜಿಗೆ ಚೀಟಿ ಅಂಟಿಸಿದರು. ಬಿಸಿಲೇರಿದ ಹೊತ್ತಿನಲ್ಲಿ ಹೀಟರ್ ಇಲ್ಲದೆಯೂ ಎಂಜಿನ್ ಹೊತ್ತಿಕೊಳ್ಳುತ್ತಿತ್ತು. ವ್ಯಾನು ಓಡಿಸುವ ಡ್ರೈವರಕ್ಕನಿಗೆ ಅನುಮಾನ ಬರಲಿಲ್ಲ. ಮೇಸ್ತ್ರಿಯೂ ಹೇಳಲಿಲ್ಲ. ಇವತ್ತು ಹೇಳೋಣ ಎಂದುಕೊಂಡ ದಿನಗಳಲ್ಲೆಲ್ಲ ಆ ಮುರಿದ ತುಂಡಿನ ವಿಷಯವೂ ಹೇಳಬೇಕಾಗುತ್ತಲ್ಲ ಎಂದು ನಾಲಿಗೆ ಹಿಂದಕ್ಕೆ ಸರಿಯುತ್ತಿತ್ತು.

ಚಳಿ ಕಚ್ಚಿ ಹಿಡಿದಿದ್ದ ಒಂದು ಬೆಳಿಗ್ಗೆ, ಮೊದಲ ಪಾಳಿ ಶುರುವಾದ ಅರ್ಧ ಗಂಟೆಗೆ, ಮರದ ದಿಮ್ಮಿಯಿಂದ ಹಾಳೆ ಸುಲಿಯುವ ಯಂತ್ರಕ್ಕೆ ಶಿಳ್ಳೆ ಎಂಬವನ ತೋಳು ಸಿಕ್ಕಿತು. ಯಂತ್ರಗಳ ಗದ್ದಲದಲ್ಲಿ ಎರಡು ಬೆರಳು ಬಾಯಿಗಿಟ್ಟು ಸನ್ನೆಯ ಶಿಳ್ಳೆ ಹೊಡೆಯುತ್ತಿದ್ದ ಆಳು. ಅವನ ನಿಜದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ನಾಲ್ವರು ಅವನನ್ನು ಹೊತ್ತು ತಂದು ವ್ಯಾನಿನಲ್ಲಿ ಮಲಗಿಸಿದರು. ತೋಳಿಗೆ ಸುತ್ತಿದ ಬಟ್ಟೆ ಆಗಲೇ ತೊಯ್ದು ತೊಟ್ಟಿಕ್ಕುತ್ತಿತ್ತು.

ಡ್ರೈವರಕ್ಕ ಕೀಲಿ ತಿರುಗಿಸಿ ದೀಪ ನೋಡಿದಳು. ಉರಿಯಿತು, ಆರಿತು. ಸೆಲ್ಫ್ ಹೊಡೆದಳು. ಎಂಜಿನ್ ಗೊರಗೊರ ಎಂದು ಬಿಳಿ ಹೊಗೆ ಉಗುಳಿ ಸುಮ್ಮನಾಯಿತು. ಮತ್ತೆ ದೀಪ, ಮತ್ತೆ ಸೆಲ್ಫ್. ಹಿಂದಿನಿಂದ ಶಿಳ್ಳೆಯ ದನಿ ಬಂತು. "ಅವಸರ ಮಾಡ್ಬೇಡ ಅಕ್ಕಾ. ಎಡಗೈಲಿ ಶಿಳ್ಳೆ ಹೊಡೆಯೋದು ಕಲೀತಿದೀನಿ." ಅವಳು ಆರು ಸಲ ಹೊಡೆದಳು. ಏಳನೆಯ ಸಲಕ್ಕೆ ಬ್ಯಾಟರಿ ಕುಸಿಯಿತು. ದಿಮ್ಮಿ ಇಳಿಸುತ್ತಿದ್ದ ಲಾರಿಯನ್ನು ಖಾಲಿ ಮಾಡಿ, ತಿರುಗಿಸಿ, ಅವನನ್ನು ಅದಕ್ಕೆ ಸಾಗಿಸಿ ಹೊರಡುವಷ್ಟರಲ್ಲಿ ಇಪ್ಪತ್ತೈದು ನಿಮಿಷ ಕಳೆದಿತ್ತು. ಆಸ್ಪತ್ರೆಯ ತಿರುವಿನಲ್ಲಿ ಶಿಳ್ಳೆ ತೀರಿಕೊಂಡ. ಹತ್ತು ನಿಮಿಷ ಮೊದಲು ಬಂದಿದ್ದರೆ ಎಂದು ಡಾಕ್ಟರು ಶುರು ಮಾಡಿದರಂತೆ, ಪೂರ್ತಿ ಮಾಡಲಿಲ್ಲವಂತೆ. ಅರ್ಧ ಹೇಳಿದರೂ ಸಾಕಿತ್ತು. ಕಾರ್ಖಾನೆ ಆ ಹತ್ತು ನಿಮಿಷವನ್ನು ಹೊರಿಸಲು ಒಂದು ತಲೆ ಹುಡುಕಿತು.

ಸಿಕ್ಕಿದ್ದು ಡ್ರೈವರಕ್ಕನ ತಲೆ. ದೀಪ ಆರುವ ಮೊದಲೇ ಗಾಬರಿಯಲ್ಲಿ ಸೆಲ್ಫ್ ಹೊಡೆದು, ಬ್ಯಾಟರಿ ಬರಿದು ಮಾಡಿದಳು ಎಂದು ನೋಟೀಸು ಬಂತು. ಅವಳೇ ಬರೆದುಕೊಟ್ಟ ಹೇಳಿಕೆಯನ್ನು ಅವಳ ಕುತ್ತಿಗೆಗೆ ಬಿಗಿದರು. ದೀಪ ಎಂದಿನಂತೆ ಉರಿದು ಆರಿತು ಎಂದು ಅದರಲ್ಲಿತ್ತು. ದೀಪ ಸರಿಯಿದ್ದರೆ ಹೀಟರ್ ಸರಿ. ಹೀಟರ್ ಸರಿಯಿದ್ದರೆ ತಪ್ಪು ಅವಳದು. ವಿಚಾರಣೆ ಮುಗಿದರೆ ಕೆಲಸವೂ ಹೋಗುತ್ತದೆ, ಲೈಸೆನ್ಸೂ ಹೋಗುತ್ತದೆ, ಆಮೇಲೆ ಪೊಲೀಸರಿಗೆ ಕಾಗದ. "ಹೆಂಗಸಿನ ಕೈಗೆ ಸ್ಟಿಯರಿಂಗ್ ಕೊಟ್ಟರೆ ಇನ್ನೇನಾಗುತ್ತೆ" ಎಂದು ಕ್ಯಾಂಟೀನಿನಲ್ಲಿ ಆಡಿಕೊಂಡವರಲ್ಲಿ ಶಿಳ್ಳೆಯನ್ನು ಹೊತ್ತು ತಂದ ನಾಲ್ವರೂ ಇದ್ದರು.

ವಿಚಾರಣೆಗೆ ಎರಡು ದಿನ ಇರುವಾಗ ಸಾಹೇಬರು ಮೇಸ್ತ್ರಿಯನ್ನು ಕರೆಸಿ, ಮೇಜಿನ ಖಾನೆಯಿಂದ ಒಂದು ಡಬ್ಬಿ ತೆಗೆದಿಟ್ಟರು. ನಾಲ್ಕು ಹೊಸ ಹೀಟರ್. ಎಣ್ಣೆಗಾಗದದಲ್ಲಿ ಮಿರಮಿರ ಮಿನುಗುತ್ತಿದ್ದವು.

"ಹೊರಗಿನಿಂದ ವಿಚಾರಣಾಧಿಕಾರಿ ಬರ್ತಿದಾರೆ. ಅವರು ಗಾಡಿ ಬಿಚ್ಚಿ ನೋಡಿದ್ರೂ ನೋಡಬಹುದು. ಇವನ್ನ ಹಾಕಿ, ಆ ಟೈಮರ್ ಕಿತ್ತು ಬಿಸಾಕು. ಹೀಟರ್ ಚೆನ್ನಾಗಿತ್ತು ಅಂತ ಎರಡು ಮಾತು ಹೇಳು. ಮುಗೀತು."

ಮೂರು ಸಲ ಬೇಡಿದಾಗ ಇಲ್ಲದ್ದು, ಹೆಣ ಬಿದ್ದ ಮೇಲೆ ಖಾನೆಯಲ್ಲಿ ಹುಟ್ಟಿಕೊಂಡಿತ್ತು. ಮೇಸ್ತ್ರಿ ಡಬ್ಬಿ ತೆಗೆದುಕೊಂಡು ಬಾಗಿಲವರೆಗೆ ಹೋಗಿ ನಿಂತ.

"ಡ್ರೈವರಕ್ಕ ಏನಾಗ್ತಾಳೆ ಸಾರ್?"

"ನಿನಗೆ ಸಂಬಂಧಾನಾ ಅವಳು? ತಂತಿ ಬೆಸೆದ ಕೈ ಯಾರದ್ದು ಅನ್ನೋದು ನೆನಪಿಟ್ಕೋ. ನಾನು ಕಾಗದದಲ್ಲಿ ಬರ್ಕೊಟ್ಟಿದೀನಾ?"

ಮರುದಿನ ಮೇಸ್ತ್ರಿ ವ್ಯಾನಿನ ಬ್ಯಾಟರಿ ತುಂಬಿಸಿ, ಬಿಸಿಲೇರಿದ ಮೇಲೆ ಎಂಜಿನ್ ಹೊತ್ತಿಸಿ ಅರ್ಧ ಗಂಟೆ ಓಡಲು ಬಿಟ್ಟ. ಬಿಸಿಯಾದ ಹೆಡ್ಡಿಗೆ ಹನಿಹನಿ ಎಣ್ಣೆ ಬಿಟ್ಟು ಕಾದ. ಆಮೇಲೆ ಪಾನಾ ಹಾಕಿ, ಒಂದು ಕೂದಲೆಳೆ ಸಡಿಲಿಸಿ, ಮತ್ತೆ ಬಿಗಿದು, ಮತ್ತೆ ಸಡಿಲಿಸಿ, ಮಗುವಿನ ಹಲ್ಲು ಅಲ್ಲಾಡಿಸಿದ ಹಾಗೆ ಅಲ್ಲಾಡಿಸಿದ. ಉಳಿದ ಮೂರೂ ಪ್ಲಗ್ಗು ಮಾತಿಲ್ಲದೆ ಬಂದವು. ಅಂದು ಕಾಲು ದಿನ ಕೊಟ್ಟಿದ್ದರೆ ನಾಲ್ಕನೆಯದೂ ಹೀಗೇ ಬರುತ್ತಿತ್ತು.

ಬಾಗಿಲಲ್ಲಿ ನೆರಳು ಕಂಡಿತು. ಡ್ರೈವರಕ್ಕ. ಸ್ವೆಟರಿನ ಮೇಲೆ ಸ್ವೆಟರು ಹಾಕಿ ಗುಬ್ಬಿಯಂತಾಗಿದ್ದಳು.

"ಅಣ್ಣಾ, ಒಂದು ಮಾತು ಕೇಳ್ತೀನಿ, ಬೈಬೇಡ."

"ಕೇಳಮ್ಮಾ."

"ದೀಪ ಆರಿದ ಮೇಲೇ ಹೊಡೆದೆ. ಮೊದಮೊದಲು ಹಾಗೇ ಅಂತಿದ್ದೆ. ಈಗ ಎಲ್ಲರೂ ಅಂದು ಅಂದು... ಕಣ್ಮುಚ್ಚಿದ್ರೆ ದೀಪ ಇನ್ನೂ ಉರೀತಾನೇ ಇರುತ್ತೆ, ನನ್ನ ಕೈ ಮೊದಲೇ ತಿರುಗಿಬಿಡುತ್ತೆ. ಶಿಳ್ಳೆ ಹೆಂಡ್ತಿ ನನ್ನ ಮುಖಕ್ಕೇ ಕೇಳಿದ್ಲು, ಎಂಟು ಸೆಕೆಂಡ್ ಕಾಯೋಕೆ ನಿಂಗೇನು ದಾಡಿ ಅಂತ. ನಾನೇ ಕೊಂದ್ನಾ ಅಣ್ಣಾ? ನಿಂಗೆ ಗಾಡಿ ಗೊತ್ತು. ನೀನಾದ್ರೂ ಹೇಳು."

ಮೇಸ್ತ್ರಿ ಕೈ ಒರೆಸುವ ಬಟ್ಟೆಯನ್ನು ಪ್ಲಗ್ಗುಗಳ ಮೇಲೆ ಹೊದಿಸಿದ. "ಮನೆಗೆ ಹೋಗಿ ಸ್ವಲ್ಪ ಮಲಕ್ಕೋ" ಎಂದಷ್ಟೇ ಬಾಯಿಗೆ ಬಂತು. ಅವಳು ಕಾದಳು. ಅವಳು ಹೊರಟಾಗ ಅವಳ ಚಪ್ಪಲಿಯ ಸದ್ದು ಅಂಗಳ ದಾಟುವವರೆಗೂ ಅವನು ಬಗ್ಗಿದ ತಲೆ ಎತ್ತಲಿಲ್ಲ. ಕೆಲಸ ಕಸಿಯುವವರನ್ನು ಅವನು ಕಂಡಿದ್ದ, ಕೂಲಿ ಕಸಿಯುವವರನ್ನು ಕಂಡಿದ್ದ. ಒಬ್ಬ ಹೆಂಗಸಿನಿಂದ ಅವಳ ಕಣ್ಣು ಕಂಡದ್ದನ್ನೇ ಕಸಿದವನು ತಾನೇ ಎಂಬುದು ಅವನಿಗೆ ಹೊಸದು.

ಸಂಜೆ ಮನೆಯಲ್ಲಿ ಹೆಂಡತಿ ಹೊಸ್ತಿಲ ಬಳಿ ಕೂತು, ಸೀಮೆಎಣ್ಣೆಯ ಬಟ್ಟೆಯಿಂದ ಬೆರಳಿನ ಅಂಟು ತೆಗೆಯುತ್ತಿದ್ದಳು. ಅವಳೂ ಅದೇ ಕಾರ್ಖಾನೆಯವಳೇ. ಅಂಟು ಸವರಿದ ಹಾಳೆಗಳನ್ನು ಬಿಸಿ ಪ್ರೆಸ್ಸಿನ ಬಾಯಿಗೆ ಒಡ್ಡುವ ಸಾಲಿನಲ್ಲಿ ಕೆಲಸ. ಗಂಡನ ಚೀಲ ಜಾಡಿಸಲು ಹೋಗಿ ಡಬ್ಬಿ ಎತ್ತಿದಳು.

"ಇದೇನ್ರೀ, ಹೊಸಾ ಸಾಮಾನು ಮನೆಗೆ ಬಂದಿದೆ? ಕಳ್ಳತನ ಶುರು ಹಚ್ಕೊಂಡ್ರಾ?"

"ಕಳ್ಳತನವಾಗಿದ್ರೆ ಚೆನ್ನಾಗಿತ್ತು ಕಣೇ."

ಅವನು ಹೇಳಿದ. ಟೈಮರಿನದನ್ನೂ, ಮುರಿದ ತುಂಡಿನದನ್ನೂ. ಹೇಳುವಾಗ ಅವಳ ಮುಖ ನೋಡಲಿಲ್ಲ, ಅವಳ ಬೆರಳು ನೋಡಿದ. ಬಟ್ಟೆ ಉಜ್ಜುತ್ತಲೇ ಇತ್ತು. ಮುಗಿದ ಮೇಲೆ ಅಳುತ್ತಾಳೆ, ಬೈಯುತ್ತಾಳೆ, ಬಾಯಿ ಮುಚ್ಚಿಕೊಂಡಿರಿ ಅನ್ನುತ್ತಾಳೆ ಎಂದು ಮೂರಕ್ಕೂ ತಯಾರಾಗಿದ್ದ. ಬಟ್ಟೆ ನಿಂತಿತು.

"ನಮ್ಮ ಪ್ರೆಸ್ಸಿನ ಮೇಲೆ ಒಂದು ಹಸಿರು ದೀಪ ಇದೆ" ಅಂದಳು.

"ಹೂಂ?"

"ಹಸಿರು ಉರಿದ್ರೆ ಪ್ರೆಸ್ ಪೂರ್ತಿ ಮೇಲೆದ್ದು ನಿಂತಿದೆ, ಕೈ ಹಾಕಬಹುದು ಅಂತ. ಒಂಬತ್ತು ವರ್ಷದಿಂದ ಆ ದೀಪ ನೋಡಿ ಕೈ ಹಾಕ್ತಿದೀನಿ. ದಿನಕ್ಕೆ ಇನ್ನೂರು ಸಲ. ಅದನ್ನ ಯಾರು ಬೆಸೆದಿದ್ದು?"

"ನಂಗೇನು ಗೊತ್ತು! ಅದು ಎಲೆಕ್ಟ್ರಿಷಿಯನ್ ಕೆಲಸ. ಅವನು ಹಾಗೆಲ್ಲ..."

"ನೀವೂ ಹಾಗೆಲ್ಲ ಮಾಡೋರಲ್ಲ ಅಂತಾನೇ ಅಂದ್ಕೊಂಡಿದ್ದೆ."

ಅವಳ ದನಿ ಏರಲಿಲ್ಲ. ಏರಿದ್ದರೆ ಅವನೂ ಏರಿಸಬಹುದಿತ್ತು.

"ಶಿಳ್ಳೆ ಮೆಷಿನ್ ಮೇಲೂ ಹಸಿರೇ ಉರೀತಿತ್ತಂತೆ" ಎಂದು ಎದ್ದಳು. "ಅವನ ಪಕ್ಕದಲ್ಲಿದ್ದೋರು ಹೇಳಿದ್ರು. ನಾವು ಯಾರೂ ತಲೆಗೆ ಹಾಕ್ಕೊಳ್ಲಿಲ್ಲ. ದೀಪಕ್ಕೂ ಸುಳ್ಳು ಹೇಳೋಕೆ ಬರುತ್ತೆ ಅಂತ ನಂಗೆ ಈಗ ಗೊತ್ತಾಯ್ತು ನೋಡಿ."

ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡದೆ ಇಟ್ಟಳು. ಸದ್ದು ಮಾಡಿಯೇ ಇಡುವವಳು. ಮೇಸ್ತ್ರಿ ಹೊಸ್ತಿಲಲ್ಲೇ ಕೂತು ತನ್ನೊಳಗೆ ಲೆಕ್ಕ ಹಾಕಿದ. ಮೂರು ಹೊಸ ಹೀಟರ್ ಹಾಕಬಹುದು, ನಾಲ್ಕನೆಯ ತೂತಿನಲ್ಲಿ ಮುರಿದದ್ದಿದೆ. ಅಧಿಕಾರಿ ಗಾಡಿ ಬಿಚ್ಚಿಸಿದರೆ ಆ ತುಂಡು ಸಿಗುತ್ತದೆ. ಸಾಹೇಬರು ಎಲ್ಲವನ್ನೂ ಅವನ ತಲೆಗೇ ಕಟ್ಟುತ್ತಾರೆ. ಬಿಚ್ಚಿಸದಿದ್ದರೆ ಡ್ರೈವರಕ್ಕ ಹೋಗುತ್ತಾಳೆ, ಅವನು ಉಳಿಯುತ್ತಾನೆ. ನಾಳೆಯೂ ಜನ ಬೈಕು ತಳ್ಳಿಕೊಂಡು ಬರುತ್ತಾರೆ. ಅವನು ಪ್ಲಗ್ಗನ್ನು ಬೆಳಕಿಗೆ ಹಿಡಿದು ನಿಜ ಹೇಳುತ್ತಾನೆ. ಅವರು ನಂಬುತ್ತಾರೆ.

ವಿಚಾರಣೆ ಕ್ಯಾಂಟೀನಿನಲ್ಲಿ ನಡೆಯಿತು. ಉದ್ದದ ಮೇಜುಗಳನ್ನು ಒರೆಸಿದ ಹಸಿ ಬಟ್ಟೆಯ ವಾಸನೆ ಇನ್ನೂ ಹೋಗಿರಲಿಲ್ಲ. ಮಫ್ಲರ್ ಸುತ್ತಿಕೊಂಡ ವಿಚಾರಣಾಧಿಕಾರಿ, ಅವರ ಬಲಕ್ಕೆ ಸಾಹೇಬರು. ಎದುರಿಗೆ ಒಂಟಿ ಕುರ್ಚಿಯಲ್ಲಿ ಡ್ರೈವರಕ್ಕ. ಗೋಡೆಗೊರಗಿ ಶಿಳ್ಳೆಯ ಹೆಂಡತಿ, ಯಾರು ಕರೆದರೂ ಕೂರದೆ ನಿಂತೇ ಇದ್ದಳು. ಪಾಳಿ ಬಿಟ್ಟವರು ಕಿಟಕಿಗಳಲ್ಲಿ ಮುಖಕ್ಕೆ ಮುಖ ತಾಗಿಸಿ ನಿಂತಿದ್ದರು.

ಮೇಸ್ತ್ರಿಯನ್ನು ಕರೆದಾಗ ಅವನು ಕೈಗಾಡಿಯಲ್ಲಿ ಬ್ಯಾಟರಿಯೊಂದನ್ನು ತಳ್ಳಿಕೊಂಡು ಬಂದ.

"ಇದೇನ್ರೀ? ಇದು ವಿಚಾರಣೆ, ಗ್ಯಾರೇಜಲ್ಲ" ಎಂದರು ಅಧಿಕಾರಿ.

"ನಂಗೆ ಬಾಯಲ್ಲಿ ಹೇಳೋಕೆ ಬರಲ್ಲ ಸಾರ್. ತೋರಿಸ್ತೀನಿ."

ಡಬ್ಬಿಯಿಂದ ಹೊಸ ಹೀಟರೊಂದನ್ನು ತೆಗೆದು ಇಕ್ಕಳದಲ್ಲಿ ಹಿಡಿದು ತಂತಿ ಮುಟ್ಟಿಸಿದ. ಏಳು ಎಣಿಸುವಷ್ಟರಲ್ಲಿ ತುದಿ ಕೆಂಪಾಯಿತು, ಆಮೇಲೆ ಕಿತ್ತಳೆ. ಕಿಟಕಿಯಲ್ಲಿ ಯಾರೋ "ಬೀಡಿ ಹಚ್ಕೋಬಹುದು" ಎಂದರು, ಯಾರೋ ಅವರ ಬೆನ್ನಿಗೆ ಗುದ್ದಿದರು. ಮೇಸ್ತ್ರಿ ಹಳೆಯದೊಂದಕ್ಕೆ ತಂತಿ ಮುಟ್ಟಿಸಿದ. ಇಪ್ಪತ್ತು ಎಣಿಸಿದ. ಕಬ್ಬಿಣ ಕಬ್ಬಿಣವಾಗಿಯೇ ಇತ್ತು. ಎರಡನೆಯದೂ ಹಾಗೇ. ಮೂರನೆಯದು ಮಾತ್ರ ರೋಗಿಯ ಕಣ್ಣಿನಂತೆ ಮಂಕಾಗಿ ಕೆಂಪೇರಿತು.

"ಇವು ವ್ಯಾನಿನಲ್ಲಿದ್ದವು ಸಾರ್. ಶಿಳ್ಳೆ ಸತ್ತ ದಿನ ಇವೇ ಇದ್ದದ್ದು. ನಾಲ್ಕನೇದು ಇದು." ಜೇಬಿನಿಂದ ಮುರಿದ ತುಂಡು ತೆಗೆದಿಟ್ಟ. "ಇದರ ಇನ್ನರ್ಧ ಎಂಜಿನ್ನಿನೊಳಗಿದೆ. ಮುರಿದೋನು ನಾನು. ತಣ್ಣಗಿದ್ದಾಗ ಪಾನಾ ಹಾಕಿದೆ."

ಸಾಹೇಬರ ಕುರ್ಚಿ ಕಿರುಗುಟ್ಟಿತು. ಹೊಸ ಹೀಟರಿನ ಮೇಲಲ್ಲ, ಈ ತುಂಡಿನ ಮೇಲೆ ಅವರ ಕಣ್ಣು ನೆಟ್ಟಿತ್ತು. ಅದು ಅವರಿಗೂ ಹೊಸ ಸಂಗತಿ. ಮುಖದಲ್ಲಿ ಸಣ್ಣಗೆ ನೆಮ್ಮದಿ ಮೂಡಿದ್ದನ್ನು ಮೇಸ್ತ್ರಿ ಕಂಡ.

ಅಧಿಕಾರಿ ಕನ್ನಡಕ ಏರಿಸಿದರು. "ಹೀಟರ್ ಸತ್ತಿದ್ರೆ ದೀಪ ಮಿಣುಕಬೇಕು ಅಂತ ಪುಸ್ತಕದಲ್ಲಿದೆ. ದೀಪ ಸರಿಯಾಗಿ ಆರಿತು ಅಂತ ಈಯಮ್ಮನೇ ಬರೆದಿದಾರಲ್ಲ?"

"ನಿಜಾನೇ ಬರೆದಿದಾಳೆ ಸಾರ್. ಬನ್ನಿ, ನೋಡಿ. ಮೂರು ಹೀಟರ್, ನಾಲ್ಕನೇದರ ಅರ್ಧ ಇಲ್ಲಿ ಮೇಜಿನ ಮೇಲಿವೆ. ಗಾಡಿಯೊಳಗೆ ಕಾಯೋಂಥದ್ದು ಒಂದೂ ಇಲ್ಲ."

ಎಲ್ಲರೂ ಅಂಗಳಕ್ಕೆ ಬಂದರು. ವ್ಯಾನಿನ ಬಾನೆಟ್ ತೆರೆದೇ ಇತ್ತು, ಮೂರು ಹೀಟರುಗಳ ಜಾಗದಲ್ಲಿ ಬರಿಯ ತೂತುಗಳು, ನಾಲ್ಕನೆಯದರಲ್ಲಿ ಮುರಿದ ತುಂಡು. ಮೇಸ್ತ್ರಿ ಕೀಲಿಯನ್ನು ಡ್ರೈವರಕ್ಕನ ಕೈಗಿಟ್ಟ. ಅವಳು ಹತ್ತಿ ಕೂತಳು. ಅರ್ಧ ತಿರುಗಿಸಿದಳು.

ಸುರುಳಿ ದೀಪ ಉರಿಯಿತು. ಹಳದಿ, ಸ್ಥಿರ, ಸಜ್ಜನನ ಹಾಗೆ. ಅವಳು ತುಟಿ ಅಲ್ಲಾಡಿಸುತ್ತ ಎಣಿಸಿದಳು. ಎಂಟಕ್ಕೆ ಆರಿತು.

ಅವಳು ಮತ್ತೆ ತಿರುಗಿಸಿದಳು. ಉರಿಯಿತು, ಆರಿತು. ಮೂರನೆಯ ಸಲ ತಿರುಗಿಸಿ, ಬಾಯಿಬಿಟ್ಟು ಜೋರಾಗಿ ಎಣಿಸಿದಳು. ಶಿಳ್ಳೆಯ ಹೆಂಡತಿ ವ್ಯಾನಿನ ಕಿಟಕಿಯ ಬಳಿ ಬಂದು, ಬಗ್ಗಿ, ಆ ದೀಪವನ್ನು ನೋಡಿದಳು. ನೋಡಿ, ಡ್ರೈವರಕ್ಕನ ಸ್ಟಿಯರಿಂಗ್ ಹಿಡಿದ ಕೈಯ ಮೇಲೆ ತನ್ನ ಕೈ ಇಟ್ಟಳು.

"ಯಾರು ಬೆಸೆದಿದ್ದು ಇದನ್ನ?" ಅಧಿಕಾರಿ ಕೇಳಿದರು.

"ನಾನು."

"ಯಾರು ಹೇಳಿ?"

ಮೇಸ್ತ್ರಿ ಸಾಹೇಬರ ಕಡೆ ಬೆರಳು ತೋರಿಸಲಿಲ್ಲ, ನೇರ ಮುಖ ನೋಡಿದ. "ಇವರು ಹೇಳಿದ್ರು. ನಾನು ಒಪ್ಪಿದೆ. ಮುರಿದಿದ್ದು ಮುಚ್ಚೋಕೆ ನನಗೂ ಬೇಕಾಗಿತ್ತು."

"ಸುಳ್ಳು!" ಸಾಹೇಬರು ಕೂಗಿದರು. "ದೀಪ ಸರಿಮಾಡು ಅಂದಿದ್ದು ನಿಜ. ಇಂಥ ಕಳ್ಳಾಟ ಮಾಡು ಅಂದ್ನಾ? ಮುರಿದೋನು ಅವನು, ಮುಚ್ಚಿಟ್ಟೋನು ಅವನು. ಬರ್ಕೊಳ್ಳಿ ಸಾರ್."

ಮೇಸ್ತ್ರಿ ಮೂರು ಬೇಡಿಕೆ ಚೀಟಿಗಳನ್ನು ಕೊಟ್ಟ. ಅಧಿಕಾರಿ ಓದಿದರು. "ಸದ್ಯಕ್ಕೆ ಬೇಡ. ಸದ್ಯಕ್ಕೆ ಬೇಡ. ಸದ್ಯಕ್ಕೆ ಬೇಡ" ಎಂದು ಜೋರಾಗಿಯೇ ಓದಿದರು. ಕಿಟಕಿಯ ಜನವೆಲ್ಲ ಈಗ ಅಂಗಳದಲ್ಲಿತ್ತು. ಮೂರನೆಯ ಸಲಕ್ಕೆ ಗುಂಪೂ ಜೊತೆಗೆ ಓದಿತು.

ಡ್ರೈವರಕ್ಕ ಇಳಿದು ಮೇಸ್ತ್ರಿಯ ಎದುರು ನಿಂತಳು. ಹೊಡೆಯುತ್ತಾಳೆ ಅಂದುಕೊಂಡ. ಹೊಡೆದಿದ್ದರೆ ಹಗುರಾಗುತ್ತಿತ್ತು.

"ನಂಗೊಂದು ಮಾತು ಹೇಳಿದ್ರೆ ಸಾಕಿತ್ತು" ಅಂದಳು. "ಹೀಟರ್ ಸತ್ತಿದೆ ಅಂತ. ದಿನಾ ಸಂಜೆ ಗಾಡಿನ ಬಾಯ್ಲರ್ ಗೋಡೆಗೆ ಒತ್ತಿ ನಿಲ್ಲಿಸ್ತಿದ್ದೆ. ಬೆಳಗಿನವರೆಗೂ ಎಂಜಿನ್ ಬೆಚ್ಚಗಿರ್ತಿತ್ತು. ಒಂದೇ ಸಲಕ್ಕೆ ಹೊರಡ್ತಿತ್ತು. ಹೊಸ ಪ್ಲಗ್ ಬೇಕಿರಲಿಲ್ಲ, ಸಾಹೇಬ್ರೂ ಬೇಕಿರಲಿಲ್ಲ. ಒಂದು ಮಾತು."

ಮೇಸ್ತ್ರಿಗೆ ಅದು ಗೊತ್ತಿತ್ತು. ಚಳಿಯ ಊರಿನ ಡ್ರೈವರುಗಳೆಲ್ಲ ಬಲ್ಲ ಉಪಾಯ ಅದು. ಅವನಿಗೆ ಎಂದೋ ಹೊಳೆದೂ ಇತ್ತು. ಆದರೆ ಹಾಗೆ ನಿಲ್ಲಿಸು ಅಂದರೆ ಯಾಕೆ ಎಂದು ಕೇಳುತ್ತಾಳಲ್ಲ.

ಒಂದು ವಾರಕ್ಕೆ ವರದಿ ಬಂತು. ಡ್ರೈವರಕ್ಕನ ಮೇಲೆ ತಪ್ಪಿಲ್ಲ. ಮೇಸ್ತ್ರಿಯನ್ನು ಕೆಲಸದಿಂದ ತೆಗೆದಿದೆ, ಪೊಲೀಸರಿಗೆ ಬರೆದಿದೆ. ಸಾಹೇಬರ ಹೆಸರು ಕೊನೆಯ ಪುಟದ ಕೊನೆಯ ಸಾಲಿನಲ್ಲಿತ್ತು: ಮೇಲ್ವಿಚಾರಣೆಯಲ್ಲಿ ಇನ್ನಷ್ಟು ಎಚ್ಚರ ವಹಿಸತಕ್ಕದ್ದು. ಒಬ್ಬನ ತಪ್ಪಿಗೆ ಗೇಟಿನ ಹೊರಗು, ಇನ್ನೊಬ್ಬನ ತಪ್ಪಿಗೆ ಒಂದು ಸಾಲು. ಮೇಸ್ತ್ರಿಗೆ ಅಚ್ಚರಿಯಾಗಲಿಲ್ಲ. ತನಗೆ ಸಿಕ್ಕಿದ್ದು ಅನ್ಯಾಯ ಎಂದು ಹೇಳಿಕೊಳ್ಳುವ ಬಾಯಿಯೂ ಅವನಿಗಿರಲಿಲ್ಲ. ಸಾಹೇಬರಿಗೆ ಸಿಕ್ಕಿದ್ದು ಮಾತ್ರ ಅನ್ಯಾಯವೇ, ಅದನ್ನು ಅವನು ಗೇಟಿನ ಕಾವಲುಗಾರನಿಗೂ ಹೇಳಿದ, ತರಕಾರಿಯವಳಿಗೂ ಹೇಳಿದ.

ಕಾರ್ಖಾನೆಯ ಲೆಕ್ಕಕ್ಕೆ ಸೇರದ ತನ್ನ ಸ್ವಂತದ ಪಾನಾಗಳನ್ನು ಒಯ್ಯಲು ಅವನು ಬಂದ ದಿನ ಬೆಳಗಿನ ಪಾಳಿ ಆಗಷ್ಟೇ ಶುರುವಾಗಬೇಕಿತ್ತು. ಕಾವಲುಗಾರ ಒಳಗೆ ಬಿಡಲಿಲ್ಲ, ಪೆಟ್ಟಿಗೆಯನ್ನು ಗೇಟಿಗೇ ತರಿಸಿಕೊಟ್ಟ. ಮುಖ ತಿರುಗಿಸಿಯೇ ಕೊಟ್ಟ. ಒಳಗೆ ಬಾಯ್ಲರ್ ಗೋಡೆಗೆ ಮೈ ಒತ್ತಿಕೊಂಡು ವ್ಯಾನು ನಿಂತಿತ್ತು. ಸೈರನ್ ಕೂಗಿತು.

ಸೈರನ್ನಿನ ಹಿಂದೆಯೇ ಪ್ರೆಸ್ಸುಗಳು ಉಸಿರು ಬಿಡುವ ಸದ್ದು ಏಳಬೇಕು. ಏಳಲಿಲ್ಲ. ಹಾಳೆ ಸುಲಿಯುವ ಯಂತ್ರದ ಚೀರಾಟ ಬರಬೇಕು. ಬರಲಿಲ್ಲ. ಬಾಯ್ಲರ್ ಒಂದೇ ತನ್ನಷ್ಟಕ್ಕೆ ಗೊಣಗುತ್ತಿತ್ತು. ಕಾವಲುಗಾರ ಫೋನೆತ್ತಿ ಕೇಳಿ, ಕೆಳಗಿಟ್ಟು, ಮೇಸ್ತ್ರಿಯನ್ನು ವಿಚಿತ್ರವಾಗಿ ನೋಡಿದ.

"ನಿನ್ನ ಹೆಂಡ್ತಿ ಅಂತಪ್ಪಾ. ಪ್ರೆಸ್ಸಿನ ಸಾಲು ಪೂರ್ತಿ ಕೈಕಟ್ಟಿ ನಿಂತ್ಬಿಟ್ಟಿದೆಯಂತೆ. ಹಸಿರು ದೀಪ ಬಿಚ್ಚಿ ತೋರಿಸೋವರೆಗೂ ಕೈ ಹಾಕಲ್ವಂತೆ. ಎಲ್ಲ ಸರಿಯಿದೆ ಅಂತ ಎಲೆಕ್ಟ್ರಿಷಿಯನ್ ಆಣೆ ಹಾಕ್ತಿದಾನೆ. ಬಿಚ್ಚೋಕೆ ಸ್ಕ್ರೂಡ್ರೈವರ್ ಇಲ್ಲ, ಸ್ಟೋರು ಇನ್ನೂ ತೆಗೆದಿಲ್ಲ ಅಂತಾನಂತೆ."

"ಎಲೆಕ್ಟ್ರಿಷಿಯನ್ ಹತ್ರ ಸ್ಕ್ರೂಡ್ರೈವರ್ ಇಲ್ವಂತಾ?"

"ಅದನ್ನೇ ನಾನೂ ಕೇಳಿದೆ."

ಅಂಗಳದ ಆ ತುದಿಯಿಂದ ಡ್ರೈವರಕ್ಕ ಬರುತ್ತಿದ್ದಳು, ಓಡದೆ, ಆದರೆ ಬೀಸುಗಾಲು ಹಾಕಿಕೊಂಡು. ಗೇಟಿನ ಸರಳುಗಳ ಆಚೆ ನಿಂತು ಕೈ ಚಾಚಿದಳು.

"ಸ್ಕ್ರೂಡ್ರೈವರ್ ಕೊಡು."

ಅಣ್ಣಾ ಅನ್ನಲಿಲ್ಲ. ಮೇಸ್ತ್ರಿ ಕೆಳಗೆ ಕುಕ್ಕರಿಸಿ ಪೆಟ್ಟಿಗೆ ತೆರೆದು, ಸಪೂರದ್ದೊಂದು, ದಪ್ಪದ್ದೊಂದು, ಜೊತೆಗೆ ತಂತಿ ಪರೀಕ್ಷಿಸುವ ಪುಟ್ಟ ಬಲ್ಬನ್ನೂ ಎತ್ತಿಕೊಟ್ಟ.

"ಬಲ್ಬಿನ ಕ್ಲಿಪ್ಪನ್ನ ಕಬ್ಬಿಣಕ್ಕೆ ಕಚ್ಚಿಸಿ, ಮುಳ್ಳನ್ನ ದೀಪದ ತಂತಿಗೆ ಇಡಬೇಕು" ಅಂದ. "ಮೊದಲು ಪ್ರೆಸ್ ಕೆಳಗಿಳಿಸಿ ನೋಡೋಕೆ ಹೇಳು. ಇಳಿದಾಗ್ಲೂ ಬಲ್ಬು ಉರಿದ್ರೆ..."

"ಗೊತ್ತಾಯ್ತು" ಎಂದು ಅವಳು ತಿರುಗಿ ಹೊರಟಳು.

ಕಾವಲುಗಾರ ಗೇಟು ಮುಚ್ಚಲಿಲ್ಲ. ಮೇಸ್ತ್ರಿ ಪೆಟ್ಟಿಗೆಯ ಮೇಲೆ ಕೂತು, ಸದ್ದಿಲ್ಲದ ಕಾರ್ಖಾನೆಯ ಕಡೆ ಕಿವಿಗೊಟ್ಟು ಕಾದ.